ಒಂದೇ ಪೆಟ್ಟಿಗೆಯಲ್ಲಿ ಎರಡು ದೊಡ್ಡಿ

ಕಂಪ್ಯೂಟರಿಗೆ ವೈರಸ್ ಹತ್ತೀತು ಎಂದು ಚಪ್ಪಲಿ ಬಾಗಿಲಾಚೆ ಬಿಟ್ಟು ಒಳಗೆ ಹೋದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಸುಳ್ಳು ಹೇಳಬೇಡಿ. ನನ್ನ ವಯಸ್ಸಿನವರೆಲ್ಲ ಬಿಟ್ಟವರೇ. ಕಾಲು ತೊಳೆದುಕೊಂಡು ಹೋದವರೂ ಇದ್ದಾರೆ, ನನಗೆ ಗೊತ್ತು.

ನಾನಂತೂ ಇವತ್ತಿಗೂ ಬಿಡುತ್ತೇನೆ. ಗೋಕಾಕದ ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಅದರ ಹತ್ತಿರ ಹೋದರೆ ಮನೆಯೊಳಗೆ ಹಾಕಿಕೊಳ್ಳುವ ರಬ್ಬರ್ ಚಪ್ಪಲಿ ಕೂಡ ತಾವಾಗಿಯೇ ಕಾಲಿನಿಂದ ಕಳಚಿಕೊಳ್ಳುತ್ತವೆ. ಮಗಳು ಪಲ್ಲವಿ ಕಾಲೇಜಿಗೆ ಹೋಗುವವಳು, ನೋಡಿ ನೋಡಿ ನಗುತ್ತಾಳೆ. "ಮಮ್ಮಿ, ಅದೇನ ಗುಡಿ ಏನ? ಇನ್ನೊಂದ ಕಾಯಿ ಒಡದ ಬಿಡ." ಅದರ ಮೇಲೆ ಹೊದಿಸಿದ ಕರಿಯ ಕಂಬಳಿ ಕಂಡರೂ ಅವಳಿಗೆ ನಗು. ಕಂಬಳಿ ನಮ್ಮಪ್ಪನದು. ಧೂಳು ಬೀಳಬಾರದು ಎಂದು ಹೊದಿಸಿದ್ದೇನೆ ಅನ್ನುತ್ತೇನೆ. ಕಂಬಳಿಯಲ್ಲೇ ಅದಕ್ಕಿಂತ ಹೆಚ್ಚು ಧೂಳಿದೆ, ಆ ಮಾತು ಬೇರೆ.

ಮೊದಲು ಆ ಕಂಪ್ಯೂಟರಿನ ಜಾತಕ ಹೇಳಬೇಕು. ಮದುವೆಯಾಗಿ ಗೋಕಾಕಕ್ಕೆ ಬಂದ ಹೊಸತರಲ್ಲಿ ನಾನು ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಅಂದರೆ ದೊಡ್ಡ ಮಾತಾಯಿತು. ಇಲಿಯನ್ನು ಹೇಗೆ ಹಿಡಿಯಬೇಕು, ಎಲ್ಲಿ ಎರಡು ಸಲ ಒತ್ತಬೇಕು, ಎಲ್ಲಿ ಒಂದೇ ಸಲ, ಇಷ್ಟು. ಕೆಳಗೆ ಹಿಟ್ಟಿನ ಗಿರಣಿ, ಮಾಳಿಗೆಯ ಮೇಲೆ ನಮ್ಮ ಕ್ಲಾಸು. ಮಧ್ಯಾಹ್ನದ ಹೊತ್ತಿಗೆ ಜೋಳದ ಹಿಟ್ಟು ಮೆಟ್ಟಿಲು ಹತ್ತಿ ಬಂದು ಕೀಬೋರ್ಡಿನ ಮೇಲೆ ಕೂರುತ್ತಿತ್ತು. ಒಂದೊಂದು ಕೀಬೋರ್ಡು ಕೊಡವಿದರೆ ಒಂದೊಂದು ರೊಟ್ಟಿ ಆಗುತ್ತಿತ್ತು. ಸಾಲದ್ದಕ್ಕೆ ಹುಡುಗರು ಕರದಂಟು ತಿಂದ ಕೈಯಲ್ಲೇ ಟೈಪ್ ಮಾಡುವವರು. ಇಷ್ಟೆಲ್ಲ ಇದ್ದರೂ ಚಪ್ಪಲಿ ಮಾತ್ರ ಹೊರಗೆ. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಬರೆದವಳು ನಾನೇ.

ಕ್ಲಾಸು ಮಹಾಂತೇಶ ಸರ್ ಅವರದು. ಹುಕ್ಕೇರಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು, ಅಂಗಿಯ ಜೇಬಿನಲ್ಲಿ ಸದಾ ಒಂದು ಸ್ಕ್ರೂಡ್ರೈವರ್. ಆಗ ಪೆನ್‌ಡ್ರೈವ್ ಹೊಸದಾಗಿ ಊರಿಗೆ ಬಂದಿತ್ತು. ಹುಡುಗರು ತಾಯಿತದ ಹಾಗೆ ಅದನ್ನು ಕೊರಳಿಗೆ ಕಟ್ಟಿಕೊಂಡು ಬರುತ್ತಿದ್ದರು. ಮೂಡಲಗಿಯಿಂದ ಬಂದ ಪೆನ್‌ಡ್ರೈವಿನಲ್ಲಿ ಒಂದು ನಮೂನೆಯ ವೈರಸ್ಸು, ಕಣಗಲಾದಿಂದ ಬಂದದ್ದರಲ್ಲಿ ಇನ್ನೊಂದು ನಮೂನೆ. ನಮ್ಮ ಕ್ಲಾಸಿನ ಕಂಪ್ಯೂಟರಿನೊಳಗೆ ಎಲ್ಲ ಊರಿನವು ಭೇಟಿಯಾಗಿ ಬೀಗತನ ಮಾಡುತ್ತಿದ್ದವು. ವಾರಕ್ಕೊಮ್ಮೆ ಎಲ್ಲ ಅಳಿಸಿ ಹೊಸದಾಗಿ ಹಾಕಿ ಹಾಕಿ ಸರ್ ರೋಸಿಹೋದರು.

ಒಂದು ದಿನ ಬಂದವರೇ, "ಲಕ್ಷ್ಮೀಬಾಯಿ, ಇವತ್ತ ಮನಿ ಹಿಸೆ ಮಾಡೂಣ್ರಿ" ಅಂದರು.

"ಯಾರ ಮನಿ ಸರ್?"

"ಕಂಪ್ಯೂಟರಂದ್ರಿ. ಒಂದರಾಗ ಎರಡ ಸಂಸಾರ. ಈ ಕಡೆ ವಿಂಡೋಸ್, ಹುಡುಗ್ರು ಏನ ಬೇಕಾದ್ದ ಮಾಡಕೊಳ್ಳಿ. ಆ ಕಡೆ ಲಿನಕ್ಸ್, ನಮ್ಮ ಆಫೀಸ್ ಕೆಲಸ ಅಷ್ಟ. ಈ ಕಡೆ ರೋಗ ಆ ಕಡೆ ಏಳೂದಿಲ್ಲ."

ಹಾಗೆ ಹಿಸೆ ಆಯಿತು. ವಿಂಡೋಸ್, ಲಿನಕ್ಸ್ ಅಂದರೆ ಕಂಪ್ಯೂಟರನ್ನು ನಡೆಸುವ ಇಬ್ಬರು ಬೇರೆ ಬೇರೆ ಯಜಮಾನರು ಅಂದುಕೊಳ್ಳಿ. ಗುಂಡಿ ಒತ್ತಿದರೆ ಕರಿಯ ಪರದೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಎರಡು ಸಾಲು. ಮೇಲೆ ಲಿನಕ್ಸ್, ಕೆಳಗೆ ವಿಂಡೋಸ್. ಯಾವ ಬಾಗಿಲಿಗೆ ಹೋಗುತ್ತೀ ಎಂದು ಕೇಳಿ ಸ್ವಲ್ಪ ಹೊತ್ತು ಕಾಯುತ್ತದೆ. ನೀವು ಹೇಳದಿದ್ದರೆ ತಾನೇ ಮೇಲಿನ ಬಾಗಿಲು ತೆರೆಯುತ್ತದೆ. ಒಂದು ಎದ್ದಿರುವಾಗ ಇನ್ನೊಂದು ಮಲಗಿರುತ್ತದೆ. ಇಬ್ಬರೂ ಒಮ್ಮೆಯೂ ಮುಖ ನೋಡುವುದಿಲ್ಲ. ಆಗ ನನಗೆ ಇದು ಬಹಳ ವಿಚಿತ್ರ ಅನ್ನಿಸಲಿಲ್ಲ. ಅಂಥದೇ ಮನೆಯಲ್ಲಿ ಬೆಳೆದವಳು ನಾನು.

ಕ್ಲಾಸು ಮುಚ್ಚಿದಾಗ ಸರ್ ಒಂದು ಕಂಪ್ಯೂಟರ್ ನನಗೇ ಕೊಟ್ಟರು. ಅದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು, ಬಾಣಂತಿ ಮಗುವನ್ನು ತಂದ ಹಾಗೆ ಮನೆಗೆ ತಂದೆ.

ನಮ್ಮಪ್ಪ ಕುರಿಗಾರ, ತುಕ್ಕಾನಟ್ಟಿಯವನು. ಬೆಳೆ ಕಟಾವಾದ ಮೇಲೆ ಹಿಂಡು ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ಹೋಗುತ್ತಿದ್ದ. ರಾತ್ರಿ ಕುರಿ ನಿಲ್ಲಿಸಿದರೆ ಹೊಲದವರಿಗೆ ಗೊಬ್ಬರ, ನಮಗೆ ಜೋಳ. ಆ ವರ್ಷ ಹಿಂಡು ಅಂಕಲಗಿ ಕಡೆಯ ಹೊಲಗಳಲ್ಲಿತ್ತು. ತಮ್ಮ ಬಾಳಪ್ಪನನ್ನು ಹಿಂಡಿನ ಹತ್ತಿರ ಬಿಟ್ಟು ಅಪ್ಪ, ಅವ್ವ ಇಬ್ಬರೂ ನಮ್ಮ ಮನೆಗೆ ಬಂದಿದ್ದರು. ಅಪ್ಪ ಪಡಸಾಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕಂಪ್ಯೂಟರನ್ನು ಹೊಸ ಟಗರು ನೋಡಿದ ಹಾಗೆ ನೋಡುತ್ತಿದ್ದ. ಹಲ್ಲು ನೋಡುವುದೊಂದು ಬಾಕಿ. ಪರದೆಯ ಮೇಲಿನ ಎರಡು ಸಾಲು ತೋರಿಸಿ ನಾನು ವಿವರಿಸಿದೆ.

"ಒಂದ ಪೆಟಗ್ಯಾಗ ಎರಡ ಸಂಸಾರ?" ಅಂದ. "ಯಾಕ ಬ್ಯಾರೆ ಆದ್ರ? ಹೆಣ್ಣಮಕ್ಕಳ ಜಗಳೇನ?"

"ಇಲ್ಲಪ್ಪಾ, ಒಂದಕ ರೋಗ ಐತಿ. ಇನ್ನೊಂದಕ ಹತ್ತಬಾರದಂತ."

"ನಡುವ ಗ್ವಾಡಿ ಹಾಕೀರಿ?"

"ಹೂಂ."

"ಹಂಗಾರ ನಮ್ಮ ಮನೀನ ಆತ ಬಿಡ" ಎಂದು ನಕ್ಕ. ಅಡುಗೆಮನೆಯಿಂದ ಅವ್ವ, "ನಗತಾನ ನೋಡ, ಗ್ವಾಡಿ ಕಟ್ಟಿದಾಂವ ತಾನ!" ಅಂದಳು.

ಆ ಗೋಡೆಯ ಕತೆ ಹೇಳದೆ ಮುಂದೆ ಹೋಗಲಾರೆ. ಅಪ್ಪ ಮತ್ತು ಕಾಕಾ ಬೇರೆಯಾದಾಗ ನಾನು ನಾಲ್ಕನೇ ಇಯತ್ತೆ. ಸಾಲಿಯಿಂದ ಬಂದು ನೋಡಿದರೆ ಪಡಸಾಲೆಯ ನಡುವೆ ಹಸಿಮಣ್ಣಿನ ಗೋಡೆ ನಿಂತಿತ್ತು. ಬೆಳಿಗ್ಗೆ ಓಡಾಡಿದ ಜಾಗದಲ್ಲಿ ಸಂಜೆ ಗೋಡೆ. ನಾನು ಆಡುತ್ತಿದ್ದ ಗಜ್ಜುಗದ ಕುಣಿ ಅರ್ಧ ಈ ಕಡೆ, ಅರ್ಧ ಆ ಕಡೆ. ಆ ಕಡೆ ಕಾಕಿ ಒಗ್ಗರಣೆ ಹಾಕಿದರೆ ಈ ಕಡೆ ನಮಗೆ ಸೀನು. ಹಿತ್ತಲಿನ ಕುರಿದೊಡ್ಡಿಯನ್ನೂ ಬಿಡಲಿಲ್ಲ. ನಡುವೆ ಜಾಲಿಮುಳ್ಳಿನ ಬೇಲಿ ಎಳೆದು ಹಿಂಡನ್ನು ಎರಡು ಮಾಡಿದರು. ಆ ಬೇಲಿಯ ಗೆರೆಯಲ್ಲೇ ಒಂದು ಕಲ್ಲುಕಂಬ ಇತ್ತು, ಅಜ್ಜ ನೆಟ್ಟದ್ದು. ಯಾರ ಹಿಸೆಗೆ ಹಾಕುವುದು? ಅಜ್ಜನದನ್ನು ಕೀಳಲು ಇಬ್ಬರಿಗೂ ಮನಸ್ಸಾಗಲಿಲ್ಲ. ಹಾಗೇ ಬಿಟ್ಟರು. ಬೇಲಿ ಈ ಕಡೆಯಿಂದ ಬಂದು ಕಂಬಕ್ಕೆ ತಾಗಿ ಆ ಕಡೆ ಮುಂದುವರಿಯಿತು.

ಮುಂದಿನ ಚಳಿಗಾಲಕ್ಕೆ ಕಾಕಾನ ಕುರಿಗಳಿಗೆ ಕಜ್ಜಿ ಬಂತು. ಉಣ್ಣೆ ಉದುರಿ ಬೆನ್ನೆಲ್ಲ ಹಕ್ಕಳೆ. ಅಪ್ಪ ಎಲ್ಲ ಬಂದ್ ಮಾಡಿಸಿದ. ಅವರ ನೀರಿನ ಕಲ್ಲುದೋಣಿಯಲ್ಲಿ ನಮ್ಮ ಕುರಿ ಬಾಯಿ ಹಾಕಬಾರದು, ಅವರ ನಾಯಿ ನಮ್ಮ ಕಡೆ ಬರಬಾರದು, ನಾವು ಹುಡುಗರು ಆ ಕಡೆ ಹೆಜ್ಜೆ ಇಡಬಾರದು. ಅವ್ವ ಕಾಕಿಗೆ ಮಜ್ಜಿಗೆ ಕೊಡುವುದನ್ನೂ ನಿಲ್ಲಿಸಿದಳು. ಮಜ್ಜಿಗೆಗೂ ಕಜ್ಜಿಗೂ ಏನು ಸಂಬಂಧವೋ, ಸಿಟ್ಟು ತೀರಿಸಿಕೊಳ್ಳಲು ಒಂದು ನೆವ ಸಿಕ್ಕಿತು ಅಷ್ಟೇ. ಇಷ್ಟೆಲ್ಲ ಮಾಡಿದರೂ ನಮ್ಮ ಕುರಿಗಳೂ ಕೆರೆಯತೊಡಗಿದವು. ಗೋಡೆಯ ಆಚೀಚೆ ನಿಂತು ಇಬ್ಬರೂ ಅಣ್ಣತಮ್ಮಂದಿರು ಬೈದಾಡಿದ್ದೇ ಬೈದಾಡಿದ್ದು. ಮುಖ ಕಾಣುವುದಿಲ್ಲವಲ್ಲ, ಬೈಗುಳ ಧಾರಾಳ ಬರುತ್ತವೆ. ಇವತ್ತು ಮೊಬೈಲಿನಲ್ಲಿ ನಾವು ಮಾಡುವುದೂ ಅದನ್ನೇ.

ಕೊನೆಗೆ ಕಂಬ ಸಿಕ್ಕಿಬಿತ್ತು. ಕಸ ಹೊಡೆಯಲು ಹೋದ ಅವ್ವ ನೋಡುತ್ತಾಳೆ, ಕಂಬದ ಈ ಕಡೆ ನಮ್ಮ ಕಂದು ಕುರಿಗಳ ಉಣ್ಣೆ, ಆ ಕಡೆ ಕಾಕಾನ ಕರಿ ಕುರಿಗಳ ಉಣ್ಣೆ, ನಡುವಿನ ಮೂಲೆಯಲ್ಲಿ ಎರಡೂ ಸೇರಿ ಗಂಟು. ಬೇಲಿ ಹಾಕಿ, ಗೋಡೆ ಕಟ್ಟಿ, ಮಜ್ಜಿಗೆ ನಿಲ್ಲಿಸಿ, ಎರಡೂ ಹಿಂಡು ಬಂದು ಮೈ ತಿಕ್ಕುವ ಕಂಬವನ್ನು ಮಾತ್ರ ಎಲ್ಲರೂ ಮರೆತಿದ್ದರು. ಆ ವಾರವೇ ಹುಕ್ಕೇರಿ ಕಡೆಯಿಂದ ತಂಬಾಕಿನ ಕಡ್ಡಿ ತರಿಸಿ, ದೊಡ್ಡ ಹಂಡೆಯಲ್ಲಿ ಕುದಿಸಿ, ಆ ನೀರಿನಲ್ಲಿ ಎರಡೂ ಕಡೆಯ ಕುರಿಗಳನ್ನು ಅಣ್ಣತಮ್ಮ ಸೇರಿಯೇ ತೊಳೆದರು. ಕಂಬವನ್ನೂ ತೊಳೆದರು. ಮಾತಿಲ್ಲ, ಕತೆಯಿಲ್ಲ, ಒಬ್ಬ ಕುರಿ ಹಿಡಿಯುವುದು, ಒಬ್ಬ ನೀರು ಹಾಕುವುದು. ಗೋಡೆ ಇವತ್ತಿಗೂ ಇದೆ. ಆದರೆ ಆವತ್ತಿನಿಂದ ಅದರ ಮೇಲೆ ಬಿಸಿ ರೊಟ್ಟಿ ದಾಟತೊಡಗಿದವು.

ಕ್ಲಾಸಿನ ಹುಡುಗರ ಕೊರಳ ತಾಯಿತ, ಅದೇ ಪೆನ್‌ಡ್ರೈವ್, ಕಂಪ್ಯೂಟರಿನ ಪಾಲಿಗೆ ಅಂಥ ಕಲ್ಲುಕಂಬ. ಎರಡೂ ಕಡೆ ಮೈ ತಿಕ್ಕುವುದು ಅದಕ್ಕೇ. ವಿಂಡೋಸಿನ ರೋಗ ಲಿನಕ್ಸಿನಲ್ಲಿ ಏಳುವುದಿಲ್ಲ, ಖರೆ. ಆದರೆ ಸತ್ತಿರುವುದೂ ಇಲ್ಲ. ನಿದ್ದೆ ಹೋಗಿ ಪೆನ್‌ಡ್ರೈವಿನಲ್ಲಿ ಕೂತು ಮುಂದಿನ ಮನೆಗೆ ಹೋಗಿ ಎಚ್ಚರಾಗುತ್ತದೆ. ಲಿನಕ್ಸಿಗೆ ರೋಗವೇ ಬರುವುದಿಲ್ಲ ಎಂದು ಎದೆ ತಟ್ಟುವವರನ್ನೂ ನಂಬಬೇಡಿ. ಅದರ ಪಾಲಿನವೂ ಇವೆ, ಕಡಿಮೆ. ಒಂದು ಕಡೆ ಆಂಟಿವೈರಸ್ ಎಂಬ ಕಾವಲು ಇಟ್ಟಿದ್ದೇನೆ, ಎರಡೂ ಕಡೆಗೆ ಆಯಿತು ಅನ್ನುವುದೂ ಸುಳ್ಳು. ಈ ಕಡೆ ಎದ್ದಾಗ ಆ ಕಡೆಯ ಕಾವಲುಗಾರ ಮಲಗಿರುತ್ತಾನೆ.

ಅಪ್ಪ ಬಂದ ಆ ಸಂಜೆಗೆ ಮರಳುತ್ತೇನೆ. ನನ್ನ ಹತ್ತಿರ ಕ್ಲಾಸಿನದೇ ಒಂದು ಮೈಕು ಇತ್ತು. ಅದು ವಿಂಡೋಸಿನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಆ ಕಂಪ್ಯೂಟರಿನಲ್ಲಿ ಲಿನಕ್ಸ್ ಹುಟ್ಟು ಮೂಗ, ಒಂದು ಸದ್ದೂ ಇಲ್ಲ. ಸರ್ ಎಷ್ಟು ತಿಣುಕಿದರೂ ಬಾಯಿ ಬರಲಿಲ್ಲ. ಹಾಗಾಗಿ ರೋಗದ ಕಡೆಯೇ ಕೂತು, "ಅಪ್ಪಾ, ಕುರಿ ಕರ್ಯೂ ಹಂಗ ಒಮ್ಮೆ ಕರಿ" ಅಂದೆ. ಪ್ರತಿ ಕುರಿಗಾರನಿಗೂ ಅವನದೇ ಒಂದು ಕೂಗು ಇರುತ್ತದೆ. ಎರಡು ಹಿಂಡು ಕಲೆತಾಗ ಒಬ್ಬ ಕೂಗಿದರೆ ಅವನವು ಮಾತ್ರ ತಲೆ ಎತ್ತುತ್ತವೆ. ಅಪ್ಪನದು ಹೊಟ್ಟೆಯಿಂದ ಎದ್ದು, ಮೂಗಿನಲ್ಲಿ ತಿರುಗಿ, ಕೊನೆಗೆ ಎಲ್ಲೋ ಮೇಲೆ ಹೋಗಿ ನಿಲ್ಲುತ್ತಿತ್ತು. ಅಪ್ಪ ಕರೆದ, ನಾನು ಹಿಡಿದಿಟ್ಟೆ. ನನ್ನ ನೆನಪು ಹಾಗಿತ್ತು.

ಅಪ್ಪ ತೀರಿಹೋಗಿ ಬಹಳ ವರ್ಷಗಳಾದವು. ಕಂಪ್ಯೂಟರು ಯಾವಾಗ ಕಂಬಳಿ ಹೊದ್ದಿತೋ ಗೊತ್ತಿಲ್ಲ. ಮನೆಗೆ ಮೊಬೈಲು ಬಂತು, ಪಲ್ಲವಿಗೆ ಲ್ಯಾಪ್‌ಟಾಪ್ ಬಂತು. ಮೊನ್ನೆ ಅವಳು ಗುಜರಿಯವನಿಗೆ ಹೇಳಿ ಬಂದಳು, ರವಿವಾರ ಬಂದು ಒಯ್ಯಿ ಎಂದು. ನಾನೂ ಹೂಂ ಅಂದಿದ್ದೆ. ಶುಕ್ರವಾರ ತುಕ್ಕಾನಟ್ಟಿಯಿಂದ ಅವ್ವನ ಫೋನು. ಅವ್ವ ಬಾಳಪ್ಪನ ಸಂಸಾರದ ಜೊತೆ ಇದ್ದಾಳೆ. ಫೋನು ಮಾಡಿದರೆ ಮೊದಲು ಮಳೆ, ಆಮೇಲೆ ಮೊಣಕಾಲು, ಆಮೇಲೆ ಸೊಸೆ. ಅವತ್ತು ಅದ್ಯಾವುದೂ ಇಲ್ಲ.

"ಲಕ್ಕವ್ವಾ, ನಿಮ್ಮಪ್ಪ ಕುರಿ ಹ್ಯಾಂಗ ಕರೀತಿದ್ದ?"

ಒಲೆಯ ಮೇಲೆ ಕುಕ್ಕರ್ ಇತ್ತು. ಒಂದು ಕೈಯಲ್ಲಿ ಸೌಟು ಹಿಡಿದೇ ಅಡುಗೆಮನೆಯಲ್ಲಿ ನಿಂತು ಕರೆದು ತೋರಿಸಿದೆ. ಬಾಜೂ ಮನೆಯವಳು ಕಿಟಕಿಯಿಂದ ಇಣುಕಿದಳು.

"ಇದ ಬ್ಯಾಡವಾ, ಕುಕ್ಕರ್ ಸೀಟಿ ಇದ್ದಂಗ ಐತಿ" ಅಂದಳು ಅವ್ವ.

"ಅದು ಕುಕ್ಕರನ ಬೇ. ನಂದ ಅದಕ್ಕಿಂತ ಮೊದಲಿಂದು."

"ಎರಡೂ ಒಂದ ಅದಾವ ತಗೊ."

ಹಿಂದಿನಿಂದ ಬಾಳಪ್ಪನ ದನಿ ಕೇಳಿತು. "ಅಕ್ಕಾ, ನಾ ಕರೀತೇನೆಲ್ಲ, ಅದ ಅಪ್ಪಂದು. ಹೇಳಿದ್ರ ಕೇಳವಲ್ಲಳು ಈಕಿ."

"ನಿಂದ ನಿಂದೋ ಬಾಳ್ಯಾ. ಅವಂದ ಕಡೀಕ ಒಂದ ತಿರುವಿತ್ತ." ಅವ್ವನ ದನಿ ಫೋನಿಗೆ ಹತ್ತಿರವಾಯಿತು. "ಮುಂಜಾನೆ ಏಳೂದ್ರಾಗ ಕಿವ್ಯಾಗ ಬರತಿತ್ತವಾ ಅದು. ದಿನಾ ಬರತಿತ್ತ. ಈಗ ಬರವಲ್ದ. ಈ ಬಾಳ್ಯಾಂದ ಕೇಳಿ ಕೇಳಿ, ಅದರ ಮ್ಯಾಲ ಇದು ಕುಂತ ಬಿಟ್ಟೈತಿ. ನೀ ಅವತ್ತ ಪೆಟಗ್ಯಾಗ ಹಿಡದಿದ್ದೆಲ್ಲ, ಐತೋ ಇಲ್ಲೋ?"

"ಐತಿ ಬೇ" ಅಂದುಬಿಟ್ಟೆ.

"ಹಂಗಾರ ತಗೊಂಡ ಬಾ. ನೀ ಮೊದಲ ಕೇಳಬ್ಯಾಡ. ಕೇಳಿದ್ರ ಅಳಕೋಂತ ಬರತಿ, ಎಲ್ಲಾ ಮೊದಲ ಹೇಳಿಬಿಡತಿ. ಕೂಡೇ ಕೇಳೂಣು."

ಫೋನಿಟ್ಟು ಕುಕ್ಕರ್ ಇಳಿಸುವಾಗ ನೆನಪಾಯಿತು. ಅದು ಇರುವುದು ವಿಂಡೋಸ್ ಕಡೆ. ಆ ಕಡೆ ವರ್ಷಗಳ ರೋಗ. ಮತ್ತೆ ನಾಡಿದ್ದು ಗುಜರಿಯವನು.

ಅವತ್ತೇ ಸಂಜೆ ಕಂಬಳಿ ತೆಗೆದೆ, ಚಪ್ಪಲಿ ಬಿಟ್ಟೆ. ಗುಂಡಿ ಒತ್ತಿದರೆ ಒಳಗಿನ ಫ್ಯಾನು ಹಳೇ ಬಸ್ಸಿನಂತೆ ಕೆಮ್ಮಿ ತಿರುಗಿತು. ಕರಿ ಪರದೆ, ಬಿಳಿ ಎರಡು ಸಾಲು. ಪಲ್ಲವಿ ಪಕ್ಕದಲ್ಲಿ ಕೂತವಳು ಬಾಣ ಒತ್ತಿ ಸೀದಾ ವಿಂಡೋಸಿಗೆ ಹೋದಳು. ತೆರೆಯಲು ಅದು ತೆಗೆದುಕೊಂಡ ಹೊತ್ತಿನಲ್ಲಿ ಚಹಾ ಮಾಡಿ ಕುಡಿದೆವು. ತೆರೆದರೆ ಮೂಲೆಯಲ್ಲಿ ಕೆಂಪು ಚೀಟಿ: ಕಾವಲಿನ ಅವಧಿ ಮುಗಿದಿದೆ. ಪಾಪ, ಕಾವಲುಗಾರ ಸತ್ತು ಎಷ್ಟೋ ಕಾಲವಾಗಿ, ಸತ್ತೆ ಎಂದು ಹೇಳಲು ನಮ್ಮನ್ನೇ ಕಾಯುತ್ತಿದ್ದ. 'ಅಪ್ಪ' ಎಂದು ಹೆಸರಿಟ್ಟ ಫೋಲ್ಡರು ಇತ್ತು. ಪಲ್ಲವಿ ಒತ್ತಲು ಬೆರಳೆತ್ತಿದಳು. ನಾನು ಅವಳ ಕೈಗೆ ಫಟ್ಟನೆ ಹೊಡೆದೆ.

"ಯಾಕ ಮಮ್ಮಿ!"

"ಮೂಲ್ಯಾಗ ಸಣ್ಣ ಬಾಣದ ಗುರತ ಐತಿ, ಕಾಣವಲ್ದ? ಅದು ಅಜ್ಜ ಅಲ್ಲ. ಅಜ್ಜನ ಅಂಗಿ ಹಾಕ್ಕೊಂಡ ವೈರಸ್. ಒತ್ತಿದ್ರ ಅದ ಏಳತೈತಿ."

ಆ ಕಾಲದ ವೈರಸ್ಸಿನ ಆಟವೇ ಅದು. ನಿಜವಾದ ಫೋಲ್ಡರನ್ನು ಬಚ್ಚಿಟ್ಟು, ಅದೇ ಹೆಸರಿನಲ್ಲಿ ತಾನು ಬಾಗಿಲಲ್ಲಿ ಕೂರುವುದು. ನೀವು ಅಪ್ಪಾ ಎಂದು ಬಾಗಿಲು ತಟ್ಟುತ್ತೀರಿ, ಅದು ಹೂಂ ಅನ್ನುತ್ತದೆ.

"ಹಂಗಾರ ಅಜ್ಜ ಎಲ್ಲಿ ಅದಾನ?" ಅಂದಳು.

"ಇದ್ರ, ಒಳಗ ಎಲ್ಲೋ ಅದಾನ."

"ಇರದಿದ್ರ?"

ನಾನು ಕಂಬಳಿ ಮಡಚತೊಡಗಿದೆ.

"ಮಮ್ಮಿ, ನಿಜಾ ಹೇಳಲಿ? ಇಷ್ಟ ವರ್ಷದಾಗ ಅದು ಉಳದಿರಂಗಿಲ್ಲ. ಆಯಿಗೆ ಸುಳ್ಳ ಆಸೆ ಹಚ್ಚಬ್ಯಾಡ. ಫಾರ್ಮ್ಯಾಟ್ ಮಾಡಿ ಗುಜರಿಗಿ ಹಾಕ. ಬಾಳು ಮಾಮಾ ಕರದದ್ದ ಮೊಬೈಲನ್ಯಾಗ ರೆಕಾರ್ಡ್ ಮಾಡಿ ಅಜ್ಜಂದ ಅಂತ ಕೇಳಸೂಣ."

"ನಿಮ್ಮ ಆಯಿ ಕುರಿಗಾರನ ಹೇಣ್ತಿ" ಅಂದೆ. "ಕಂದು ಹಿಂಡಿನಾಗ ಒಂದ ಕಂದು ಮರಿ ಬದಲಾದ್ರ ಗೊತ್ತಾಗತೈತಿ ಆಕಿಗಿ. ಗಂಡನ ದನಿ ಬದಲಾದ್ರ ಗೊತ್ತಾಗಂಗಿಲ್ಲೇನ?"

ವಿಂಡೋಸನ್ನು ಪೂರ್ತಿ ಮುಚ್ಚಿದೆ. ಅರ್ಧಂಬರ್ಧ ಮಲಗಿಸಿದರೆ ಆ ಕಡೆಯ ಬಾಗಿಲು ಸರಿಯಾಗಿ ತೆರೆಯುವುದಿಲ್ಲ ಎಂದು ಸರ್ ಹೇಳಿದ್ದು ನೆನಪಿತ್ತು. ಮತ್ತೆ ಗುಂಡಿ ಒತ್ತಿ, ಮೇಲಿನ ಸಾಲಿಗೆ ಬಿಟ್ಟೆ. ಲಿನಕ್ಸ್ ಎದ್ದಿತು. ಸದ್ದಿಲ್ಲ, ಕೆಂಪು ಚೀಟಿ ಇಲ್ಲ, ನಿನ್ನೆ ತಾನೇ ಕಸ ಹೊಡೆದಿಟ್ಟ ಅಂಗಳದಂತೆ ಇತ್ತು. ವಿಂಡೋಸಿನ ಕೋಣೆಯನ್ನು ಇಲ್ಲಿಂದಲೇ ಇಣುಕಬಹುದು. ಓದಲು ಮಾತ್ರ ತೆರೆ, ಏನನ್ನೂ ಮುಟ್ಟಲು ಬಿಡಬೇಡ ಎಂದು ಹೇಳುವ ಸಾಲೊಂದನ್ನು ಸರ್ ಕಲಿಸಿದ್ದರು. ತಲೆಗೆ ಮರೆತುಹೋಗಿತ್ತು, ಬೆರಳಿಗೆ ನೆನಪಿತ್ತು. ತಪ್ಪು ತಪ್ಪಾಗಿ ಹೊಡೆದು, ಬೈದುಕೊಂಡು, ಮತ್ತೆ ಹೊಡೆದೆ. ಕೋಣೆ ತೆರೆಯಿತು.

ಏನು ಹೇಳಲಿ. ಆ ಕಡೆ ಬಚ್ಚಿಟ್ಟದ್ದೆಲ್ಲ ಈ ಕಡೆಯಿಂದ ಬಯಲಲ್ಲಿ ಬಿದ್ದಿತ್ತು. ವಿಂಡೋಸಿನಲ್ಲಿ ಅಡಗಿ ಕೂತವಕ್ಕೆ ಇಲ್ಲಿ ಅಡಗುವ ಜಾಗವೇ ಇಲ್ಲ. ವಿಚಿತ್ರ ಹೆಸರಿನ ವೈರಸ್ಸುಗಳು ಸಾಲಾಗಿ ಮಲಗಿದ್ದವು, ಸಂತೆ ಮುಗಿಸಿ ಕಟ್ಟೆಯ ಮೇಲೆ ಒರಗಿದವರ ಹಾಗೆ. ನಡುವೆ 'ಅಪ್ಪ' ಹೆಸರಿನವು ಮೂರು. ಒಂದು ಬಾಣದ್ದು. ಇನ್ನೊಂದರ ಹೆಸರಿನ ಕೊನೆಗೆ ಡಾಟ್ ಇಎಕ್ಸ್‌ಇ, ಅಂದರೆ ಮುಟ್ಟಿದರೆ ಏಳುವಂಥದು. ಮೂರನೆಯದು ಮಸುಕಾದ, ನಿಜವಾದ ಫೋಲ್ಡರು. ಅದರೊಳಗೆ ಒಂದೇ ಒಂದು ಕಡತ. ಕೊನೆಗೆ ಡಾಟ್ ವೇವ್. ದನಿಯ ಕಡತ.

ಪಲ್ಲವಿ ನನ್ನ ಭುಜ ಹಿಡಿದಳು. ಇಬ್ಬರೂ ಪರದೆಯನ್ನು ನೋಡುತ್ತ ಕೂತೆವು. ಇಲ್ಲಿ ಲಿನಕ್ಸ್ ಮೂಗ, ಕೇಳುವಂತೆಯೂ ಇಲ್ಲ. ಅಪ್ಪ ಕಣ್ಣೆದುರು ಇದ್ದಾನೆ, ಬಾಯಿ ಇಲ್ಲ.

ಈಗ ಅದನ್ನು ಆ ರೋಗದ ಮನೆಯಿಂದ ಎತ್ತಿಕೊಂಡು ಹೊರಗೆ ಬರಬೇಕು. ಖಾಲಿ ಪೆನ್‌ಡ್ರೈವನ್ನು ಲಿನಕ್ಸಿನಲ್ಲೇ ಪೂರ್ತಿ ಅಳಿಸಿ ಒರೆಸಿದೆ. ಕಂಬ ತೊಳೆದ ಹಾಗೆ. ಇಡೀ ಫೋಲ್ಡರನ್ನು ಎತ್ತಲಿಲ್ಲ, ಆ ಒಂದು ಕಡತ ಮಾತ್ರ. ಹಿಂಡಿಗೆ ರೋಗ ಬಂದಾಗ ಅಪ್ಪ ಚೊಚ್ಚಲ ಮರಿಯೊಂದನ್ನೇ ಎದೆಗವುಚಿ ಹೊರಗೆ ತರುತ್ತಿದ್ದ. ತಾಯಿಯನ್ನೂ ತರುತ್ತೇನೆ, ಹಗ್ಗವನ್ನೂ ತರುತ್ತೇನೆ ಅನ್ನುತ್ತಿರಲಿಲ್ಲ.

"ಕೊಡ ನಿನ್ನ ಲ್ಯಾಪ್‌ಟಾಪ್" ಅಂದೆ.

ಪಲ್ಲವಿ ಅದನ್ನು ಎದೆಗೆ ಒತ್ತಿಕೊಂಡಳು. "ಮಮ್ಮಿ, ಇದರಾಗ ನನ್ನ ಪ್ರಾಜೆಕ್ಟ್ ಐತಿ. ನಿನ್ನ ಕಜ್ಜಿ ನನಗ ಹಚ್ಚಬ್ಯಾಡ."

"ಕಾವಲುಗಾರ ಜೀವಂತ ಅದಾನಿಲ್ಲ ನಿಂದರಾಗ?"

"ಅದಾನ, ದಿನಾ ಅಪ್‌ಡೇಟ್ ಆಗತಾನ."

"ಹಂಗಾರ ಮೊದಲ ಅವನ ಮುಂದ ಹಾಯಿಸು. ಅವ ಹೂಂ ಅಂದಮ್ಯಾಲ ಒಳಗ ಬಿಡು."

ಮೂಗು ಮುರಿಯುತ್ತಲೇ ಪೆನ್‌ಡ್ರೈವ್ ಚುಚ್ಚಿದಳು. ಕಾವಲುಗಾರ ಹಿಂದೆ ಮುಂದೆ ಮೂಸಿ ನೋಡಿದ. ಹಸಿರು ಗುರುತು ಬಂತು. ಪಲ್ಲವಿ ಉಸಿರು ಬಿಟ್ಟು, "ಒಂದ ಕುರಿ ಐತಿ. ಗಟ್ಟಿಮುಟ್ಟ ಐತಿ" ಅಂದಳು. ಅಲ್ಲೇ ಕೇಳಬಹುದಿತ್ತು. ಬೆರಳು ಎಷ್ಟು ತುರಿಸಿತೆಂದು ನನಗೇ ಗೊತ್ತು. ಕೇಳಲಿಲ್ಲ. ಅವ್ವ ಹೇಳಿದ್ದಳಲ್ಲ.

ಮರುದಿನ ಬಸ್ಸು ಹತ್ತಿದೆವು. ಲ್ಯಾಪ್‌ಟಾಪ್ ಚೀಲ ತೊಡೆಯ ಮೇಲೆ. ಘಟಪ್ರಭೆ ದಾಟುವಾಗ ಪಲ್ಲವಿ ಮೆತ್ತಗೆ, "ಅದರಾಗ ಬರೇ ಗರಗರ ಇದ್ರ?" ಅಂದಳು. ನಾನು ಕಿಟಕಿಯ ಆಚೆ ಕಬ್ಬು ನೋಡಿದೆ.

ಅವ್ವ ಹೊಸ ಇಳಕಲ್ ಸೀರೆ ಉಟ್ಟು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅದೇ ಗೋಡೆ. ಬಾಳಪ್ಪ ಕುರಿಗಳನ್ನು ಇನ್ನೂ ಮೇಯಲು ಬಿಟ್ಟಿರಲಿಲ್ಲ. ಹಿತ್ತಲ ಬಾಗಿಲು ತೆರೆದಿಟ್ಟಿದ್ದ.

"ಯಾಕೋ?" ಅಂದೆ.

"ಅಪ್ಪ ಕರದದ್ದ ಕೇಳಿ ಇವು ಎದ್ದ ಬಂದ್ರ, ನಾಳಿಂದ ಲ್ಯಾಪ್‌ಟಾಪ್ ಕಾಯಲಿ ಕುರಿ. ನಾ ಮನ್ಯಾಗ ಕುಂಡ್ರತೇನಿ."

"ಬಾಯಿ ಮುಚ್ಚ" ಅಂದಳು ಅವ್ವ. "ಹಚ್ಚವಾ ಪಲ್ಲವಿ."

ಪಲ್ಲವಿ ಹಚ್ಚಿದಳು.

ಮೊದಲು ಗರಗರ. ಅವಳು ನನ್ನ ಮುಖ ನೋಡಿದಳು. ಗರಗರದೊಳಗಿಂದ ಒಂದು ಕೆಮ್ಮು. ಆ ಕೆಮ್ಮಿಗೇ ಬಾಳಪ್ಪ ನೆಲಕ್ಕೆ ಕೂತ.

"ಹಿಡೀತೇನ ಅದು?" ಅಪ್ಪ.

"ಹಿಡಿಯಾಕತ್ತೈತಿ, ಕರಿ." ಇದು ನಾನು. ಎಷ್ಟು ತೆಳ್ಳನೆಯ ದನಿ ಇತ್ತು ನನಗೆ!

"ಯಾರನ್ನ ಕರೀಲಿ? ಕುರಿ ಎಲ್ಲಿ ಅದಾವ ಇಲ್ಲಿ?"

"ಸುಮ್ಮ ಕರಿಯಪ್ಪಾ."

"ಸುಮ್ಮ ಹ್ಯಾಂಗ ಕರ್ಯೂದ? ಕರದ್ರ ಬರತಾವ. ಬಂದಮ್ಯಾಲ ನೀರ ತೋರಸಬೇಕ, ಮೇವ ತೋರಸಬೇಕ. ಏನೂ ಇಲ್ಲದ ಕರದ್ರ ನಾಳಿಗಿ ನನ್ನ ಮಾತ ಕೇಳತಾವೇನ?"

ನಾನು ಏನೋ ಗೋಗರೆಯುತ್ತೇನೆ. ಅಪ್ಪ ನಗುತ್ತಾನೆ. ಮತ್ತೆ ಕೆಮ್ಮು. ಇಷ್ಟು ವರ್ಷ ಅಪ್ಪ ಕರೆದ, ನಾನು ಹಿಡಿದೆ ಎಂದು ಯಾರು ಯಾರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಅಪ್ಪ ಕರೆದೇ ಇರಲಿಲ್ಲ. ಅವ್ವನ ಕಡೆ ನೋಡಲು ಧೈರ್ಯ ಬರಲಿಲ್ಲ. ಅವಳು ಕೇಳಿದ್ದು ಅದೊಂದನ್ನೇ, ಅದು ಇದರಲ್ಲಿ ಇಲ್ಲ. ಪಲ್ಲವಿ ನಿಲ್ಲಿಸಲೇ ಎಂದು ಕಣ್ಣಲ್ಲೇ ಕೇಳಿದಳು. ಅಷ್ಟರಲ್ಲಿ ಅಪ್ಪ ಮೈಕಿನಿಂದ ಆಚೆ ತಿರುಗಿ, ದೂರಕ್ಕೆ ಕೇಳುವ ಹಾಗೆ ಕೂಗಿದ.

"ಏ ಇಕೀ! ಎಲ್ಲಿ ಹ್ವಾದಿ? ಬಾ ಇಲ್ಲೀ... ಬಾ!"

ಹೊಟ್ಟೆಯಿಂದ ಎದ್ದು, ಮೂಗಿನಲ್ಲಿ ತಿರುಗಿ, ಕೊನೆಗೆ ಮೇಲೆ ಹೋಗಿ ನಿಂತಿತು. ಅದೇ ತಿರುವು. ಬಾಳಪ್ಪ ನನ್ನ ಕೈ ಗಟ್ಟಿಯಾಗಿ ಹಿಡಿದ. ಇಷ್ಟು ವರ್ಷ ಕರೆಯುತ್ತ ಬಂದವನಿಗೆ ತನ್ನದರಲ್ಲಿ ಏನಿಲ್ಲ ಎಂಬುದು ಆಗ ಕೇಳಿಸಿತು.

ಅವ್ವ ಮೊಣಕಾಲ ಮೇಲೆ ಕೈ ಊರಿ ಎದ್ದಳು. ಸೆರಗು ಸರಿಮಾಡಿಕೊಂಡಳು. "ಬಂದ್ನಿ ತಡೀರಿ" ಅಂದಳು.

ಅವಳ ಮಾತು ಮುಗಿಯುವ ಮೊದಲೇ ಲ್ಯಾಪ್‌ಟಾಪಿನೊಳಗಿಂದ, ನಮ್ಮ ಗೋಕಾಕದ ಅಡುಗೆಮನೆಯಿಂದ, ಇನ್ನೂ ಮೊಣಕಾಲು ನೋಯದ ಅವ್ವನ ದನಿ ಬಂತು. "ಬಂದ್ನಿ ತಡೀರಿ, ಒಲಿಮ್ಯಾಲ ಹಾಲೈತಿ."

ಅಷ್ಟೇ. ಅಲ್ಲಿಗೆ ಮುಗಿಯಿತು. ಹಿತ್ತಲಿನಲ್ಲಿ ಒಂದು ಕುರಿಯೂ ಎದ್ದು ಬರಲಿಲ್ಲ. ಅವ್ವ ಪಡಸಾಲೆಯ ನಡುವೆ ಹಾಗೇ ನಿಂತಿದ್ದಳು, ಮುಂದೆ ಎಲ್ಲಿಗೆ ಹೋಗಬೇಕೆಂದು ತಿಳಿಯದವಳಂತೆ. ಸ್ವಲ್ಪ ಹೊತ್ತಿನ ಮೇಲೆ, "ಇನ್ನೊಮ್ಮೆ ಹಚ್ಚವಾ" ಅಂದಳು. ಮತ್ತೆ ಅಪ್ಪ ಕೆಮ್ಮಿದ, ನಕ್ಕ, ಕರೆದ. ಈ ಸಲ ಅವ್ವ ಉತ್ತರ ಕೊಡಲಿಲ್ಲ. ಒಳಗಿನವಳಿಗೆ ಕೊಡಲು ಬಿಟ್ಟು ತಾನು ಕಣ್ಣು ಮುಚ್ಚಿ ಕೇಳಿದಳು.

ಗುಜರಿಯವನು ರವಿವಾರ ಬಂದು ಬರಿಗೈಯಲ್ಲಿ ಹೋದ. ಅಪ್ಪ ಈಗ ಬಾಳಪ್ಪನ ಮೊಬೈಲಿನಲ್ಲಿದ್ದಾನೆ, ಪಲ್ಲವಿಯ ಲ್ಯಾಪ್‌ಟಾಪಿನಲ್ಲಿದ್ದಾನೆ. ಪೆಟ್ಟಿಗೆ ಮತ್ತೆ ಕಂಬಳಿ ಹೊದ್ದು ಮೂಲೆಯಲ್ಲಿದೆ. ಹತ್ತಿರ ಹೋಗುವಾಗ ಈಗ ಪಲ್ಲವಿಯೂ ಚಪ್ಪಲಿ ಬಿಡುತ್ತಾಳೆ. ಕೇಳಿದರೆ, ನೆಲ ಒರೆಸಿದ್ದೆ ಅನ್ನುತ್ತಾಳೆ.

ಇನ್ನು ನಿಮ್ಮ ಸರದಿ. ನಿಮ್ಮ ಮನೆಯ ಮೂಲೆಯಲ್ಲೂ ಅಂಥದೊಂದು ಪೆಟ್ಟಿಗೆ ಇರಬೇಕು, ರೋಗ ಬಂದಿದೆ ಎಂದು ಯಾರೂ ಮುಟ್ಟದೆ ಬಿಟ್ಟದ್ದು. ಅದರೊಳಗೆ ಯಾರು ಯಾರನ್ನು ಕರೆಯುತ್ತ ಕೂತಿದ್ದಾರೆ? ಬರೀ ಹೆಬ್ಬೆಟ್ಟು ಒತ್ತಿ ಮುಂದೆ ಹೋಗಬೇಡಿ, ಕೆಳಗೆ ಬರೆಯಿರಿ. ಅವ್ವನಿಗೆ ಓದಿ ಹೇಳುತ್ತೇನೆ, ಕೇಳಬೇಕಂತೆ ಅವಳಿಗೆ.